ಮೂರು ಬಡಿತ, ಒಂದು ಉತ್ತರ

ಹಸ್ತಗ್ರಾಹಿಯ ಉಕ್ಕಿನ ಕೈಗಳು ಹಿತ್ತಾಳೆಯ ಹಿಡಿಯನ್ನು ಕಾಲು ಸುತ್ತು ತಿರುಗಿಸಿದವು. ಉಗಿ ನುಗ್ಗಿತು. ಇನ್ನೂರು ವರ್ಷ ಹಳೆಯ ಗಾಲಿಚಕ್ರ ನರಳುತ್ತಾ ತಿರುಗತೊಡಗಿತು.

ವಿದ್ಯುತ್ತಿಗೆ ಪಡಿತರ ಬಂದಮೇಲೆ ಹೊಳೆಸಾಲು ಪಟ್ಟಣಕ್ಕೆ ಕುಡಿಯುವ ನೀರು ಎತ್ತಲು ಉಳಿದದ್ದು ಈ ಉಗಿ ಪಂಪ್‌ಹೌಸ್ ಒಂದೇ. ಅದನ್ನು ಬಲ್ಲವರು ಇಬ್ಬರು: ಬಾಯ್ಲರ್ ನೋಡುವ ಇಮಾಮಸಾಬ, ದಿನವೂ ಬಾವಿಗಿಳಿದು ಕೊಳವೆಯ ಜಾಲರಿಯ ಕಸ ತೆಗೆಯುವ ಅವನ ತಮ್ಮ ದಾವಲಸಾಬ. ಇಬ್ಬರಿಗೂ ವಯಸ್ಸಾಗಿತ್ತು. ಮನುಷ್ಯನ ಕೈಕೆಲಸವನ್ನು ನೋಡಿಯೇ ಕಲಿಯುವ ಹಸ್ತಗ್ರಾಹಿಯನ್ನು ಡಾ. ನೀಲಾಂಬಿಕೆ ರೂಪಿಸಿದ್ದು ಅದಕ್ಕೇ.

"ಉಗಿ ಬಿಡುವ ಮೊದಲು ಕೊಳವೆಗೆ ಮೂರು ಸಲ ಯಾಕೆ ಬಡಿಯುತ್ತೀರಿ?" ಎಂದು ಅವಳು ಹಿಂದೊಮ್ಮೆ ಇಮಾಮಸಾಬನನ್ನು ಕೇಳಿದ್ದಳು.

"ತಳದಾಗ ಇದ್ದವಂಗ ಕೇಳಬೇಕಲ್ರಿ ಮೇಡಮ್ಮಾರ. ಅಂವ ಮ್ಯಾಲಿನ ಮೆಟ್ಟಲಾ ಹತ್ತಿ ತಿರುಗಿ ಒಂದ ಬಡೀತಾನ. ಆಮ್ಯಾಲೆ ಉಗಿ."

"ಇನ್ನು ಜಾಲರಿಯನ್ನೂ ಯಂತ್ರವೇ ತೊಳೆಯುತ್ತದೆ. ಬಾವಿಯಲ್ಲಿ ಯಾರೂ ಇರುವುದಿಲ್ಲ."

ಬಡಿತವೂ ಕಾಯುವಿಕೆಯೂ ವ್ಯರ್ಥವೆಂದು ಹಸ್ತಗ್ರಾಹಿ ಕಲಿತದ್ದರಿಂದ ಅವಳು ಅವನ್ನು ತೆಗೆದುಹಾಕಿದಳು. ಇಮಾಮಸಾಬ ತಲೆ ಕೆರೆದುಕೊಂಡು ಬಾಯ್ಲರ್ ಕಡೆ ಹೋದ. ಓದಿದವರ ಮುಂದೆ ಇನ್ನೇನು ಹೇಳುವುದು?

ಯಂತ್ರಗಳು ಕೆಲಸಕ್ಕಿಳಿದ ಹದಿನೇಳನೆಯ ದಿನ ಜಾಲರಿಯ ಯಂತ್ರ ಜೊಂಡು ಸುತ್ತಿಕೊಂಡು ನಿಂತುಹೋಯಿತು. ಅದನ್ನು ಕಂಡ ದಾವಲಸಾಬ ಯಾರಿಗೂ ಹೇಳದೆ ಬಾವಿಗಿಳಿದ. ಹೇಳಿ ಇಳಿಯುವ ರೂಢಿ ಅವನಿಗೆ ಐವತ್ತು ವರ್ಷದಲ್ಲಿ ಎಂದೂ ಇರಲಿಲ್ಲ. ಬಡಿತ ತೆಗೆದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ; ಮೂರು ಬಡಿತ ಕೇಳದೆ ಉಗಿ ಬರುವುದಿಲ್ಲವೆಂದೇ ಅವನು ನಂಬಿದ್ದ. ಹಸ್ತಗ್ರಾಹಿ ಹೊತ್ತಿಗೆ ಸರಿಯಾಗಿ ಹಿಡಿ ತಿರುಗಿಸಿತು. ಕೊಳವೆ ಅವನನ್ನು ಜಾಲರಿಗೆ ಎಳೆದುಕೊಂಡಿತು. ನಲ್ಲಿಯಲ್ಲಿ ನೀರು ಸಣ್ಣಗಾದಾಗಲೇ ಊರಿಗೆ ತಿಳಿದದ್ದು.

ಮಣ್ಣು ಕೊಟ್ಟು ಬಂದ ಇಮಾಮಸಾಬ ನೀಲಾಂಬಿಕೆಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಳ್ಳೆಯದಿತ್ತು.

ಅವಳು ತೆಗೆದುಹಾಕಿದ್ದನ್ನೆಲ್ಲ ಮರಳಿ ಸೇರಿಸಿದಳು. ಮರುದಿನ ಬೆಳಿಗ್ಗೆ ಉಕ್ಕಿನ ಕೈ ಮೂರು ಸಲ ಬಡಿದು ನಿಂತಿತು. ಉಗಿ ತುಂಬಿತ್ತು, ಹಿಡಿ ತಿರುಗಲಿಲ್ಲ. ಅರ್ಧ ಗಂಟೆಯಾಯಿತು. ಹೊರಗೆ ಕೊಡಗಳ ಸಾಲು ಬೆಳೆಯಿತು.

"ಕೆಟ್ಟಿತೇ?" ಎಂದು ಅವಳು ಗಾಬರಿಯಾದಳು.

"ಕೆಟ್ಟಿಲ್ರಿ," ಎಂದ ಇಮಾಮಸಾಬ. "ನಮ್ಮ ದಾವಲ್ಯಾನ ಬಡಿತಕ್ಕ ಕಾಯಾಕ್ಹತ್ತೈತಿ. ನಾ ಹಂಗ ಕಲಿಸೀನಿ."

ಹಸ್ತಗ್ರಾಹಿಯ ಸೂಚನೆಗಳಲ್ಲಿ ಕಾಯುವ ಆ ಒಂದು ಸಾಲನ್ನು ಅಳಿಸಿದ್ದರೆ ಸಾಕಿತ್ತು. ನೀಲಾಂಬಿಕೆಗೆ ಕೈ ಬರಲಿಲ್ಲ. ಗೂಟದಲ್ಲಿ ನೇತುಹಾಕಿದ್ದ ದಾವಲಸಾಬ ಕೊಳವೆಗೆ ಬಡಿಯುತ್ತಿದ್ದ ಕಬ್ಬಿಣದ ಪಾನೆಯನ್ನು ತೆಗೆದುಕೊಂಡು ಅವಳು ಪಾಚಿಗಟ್ಟಿದ ಮೆಟ್ಟಿಲುಗಳನ್ನಿಳಿದಳು. ತಳದವರೆಗೂ ಹೋಗಿ ಯಾರೂ ಇಲ್ಲವೆಂದು ನೋಡಿದಳು. ಮೇಲಿನ ಮೆಟ್ಟಿಲಿಗೆ ಬಂದು ಕೊಳವೆಗೆ ಒಮ್ಮೆ ಬಡಿದಳು.

ಚಕ್ರ ತಿರುಗಿತು. ಮರುದಿನ ಬೆಳಿಗ್ಗೆಯೂ ಅವಳೇ ಇಳಿದಳು.