ಹತ್ತು ಕೋಳಿಯ ಪರವಾನಗಿ

ಬುಧವಾರ ಬೆಳಿಗ್ಗೆ 9.10ಕ್ಕೆ ದವ್ಲತ್ ಎಂಬ ಅರವತ್ತರ ವಿಧವೆ ಕಫ್ರ್ ಸಿರಾಜ್ ಠಾಣೆಗೆ ಬಂದು, ಕಂಕುಳಲ್ಲಿದ್ದ ಕೋಳಿಯನ್ನು ಇನ್ಸ್‌ಪೆಕ್ಟರ್ ವಜ್ದಿಯ ಮೇಜಿನ ಮೇಲಿಟ್ಟರು.

"ಕೋಳಿ ಕಳವಾ?"

"ಕೋಳಿ ನಿಮ್ಮೆದುರೇ ಇದೆಯಲ್ಲ ಸಾಹೇಬ್ರೇ! ಕಾಲು ನೋಡಿ. ಬಳೆ ಹೋಗಿದೆ."

ಮಾಳಿಗೆಯ ಮೇಲೆ ಕೋಳಿ ಸಾಕಲು ಪಟ್ಟಣ ಕಚೇರಿ ಮನೆಗೆ ಹತ್ತರಂತೆ ಪರವಾನಗಿ ಕೊಡುತ್ತಿತ್ತು. ಪ್ರತಿ ಕೋಳಿಯ ಕಾಲಿಗೂ ಸಂಖ್ಯೆಯಿರುವ ಹಸಿರು ಪ್ಲಾಸ್ಟಿಕ್ ಬಳೆ. ಬಳೆಯಿಲ್ಲದ ಕೋಳಿ ತಪಾಸಣೆಯವರ ಚೀಲಕ್ಕೆ. ದವ್ಲತ್ ಅವರ ಹತ್ತರಲ್ಲಿ ಎಂಟರ ಬಳೆ ಕಾಣೆಯಾಗಿತ್ತು. ತಪಾಸಣೆ ಇದ್ದದ್ದು ಮರುದಿನ ಹತ್ತು ಗಂಟೆಗೆ.

"ಹೊಸ ಬಳೆಗೆ ಅರ್ಜಿ ಹಾಕಿ."

"ಮೂರು ವಾರ ಆಗುತ್ತಂತೆ. ನಾಳೆನೇ ಎಂಟನ್ನೂ ಹಿಡ್ಕೊಂಡು ಹೋಗ್ತಾರೆ. ಯಜಮಾನ್ರು ಹೋದ್ಮೇಲೆ ಮಾತಾಡ್ಸೋಕೆ ನಂಗಿರೋದು ಅವೇ."

9.40ಕ್ಕೆ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ವಜ್ದಿ ಮತ್ತು ಪೇದೆ ಬಯ್ಯೂಮಿ ಕೋಳಿ ಹೊತ್ತ ದವ್ಲತ್ ಹಿಂದೆ ನಾಲ್ಕು ಮಹಡಿ ಹತ್ತಿ ಸ್ಥಳ ಪಂಚನಾಮೆ ಶುರುಮಾಡಿದರು. ಬಾಗಿಲ ಬೀಗ ಸರಿಯಿತ್ತು. ಪಕ್ಕದ ಮಾಳಿಗೆಗಳ ನಡುವಿನ ಗೋಡೆ ಮೊಣಕಾಲೆತ್ತರ. ಬಯ್ಯೂಮಿ ಒಂದು ಹಿಡಿ ಬಾರ್ಲಿ ಎರಚಿದ. ಬಳೆಯಿದ್ದ ಎರಡು ಕೋಳಿ ಮುಗಿಬಿದ್ದವು. ಉಳಿದ ಎಂಟು ತಿರುಗಿಯೂ ನೋಡಲಿಲ್ಲ.

ಅವನು ಒಂದನ್ನು ಹಿಡಿದು ಅದರ ಕತ್ತಿನ ಬುಡ ಮುಟ್ಟಿ ನೋಡಿದ. ಕಾಳಿನ ಚೀಲ ನಿಂಬೆಹಣ್ಣಿನ ಹಾಗೆ ಉಬ್ಬಿತ್ತು.

"ಖಾಲಾ, ಬೆಳಿಗ್ಗೆ ಏನು ಹಾಕಿದ್ರಿ?" ಎಂದು ಸ್ವಂತ ಚಿಕ್ಕಮ್ಮನನ್ನು ಕೇಳುವಂತೆ ಕೇಳಿದ.

"ಏನೂ ಇಲ್ಲಪ್ಪ. ನೋಡಿದವಳೇ ಠಾಣೆಗೆ ಓಡಿದೆ."

ನೆಲದಲ್ಲಿ ನೆನೆದ ಮೆಕ್ಕೆಜೋಳದ ಕಾಳೊಂದು ಸಿಕ್ಕಿತು.

"ಕಳ್ಳ ಮೇವು ಹಾಕಿ ಹೋಗ್ತಾನೇನಯ್ಯಾ?" ಎಂದರು ವಜ್ದಿ.

"ಕಳ್ಳ ಹಾಕಲ್ಲ ಸಾರ್, ಕಳ್ಳಿ ಹಾಕ್ತಾಳೆ. ನಮ್ಮಮ್ಮನೂ ಹಾಗೇ. ತೊಡೆ ಸಂದೀಲಿ ಕೋಳಿ ಸಿಕ್ರೆ ಕೊಕ್ಕು ಬಿಡಿಸಿ ನಾಲ್ಕು ಕಾಳು ತುರುಕದೆ ಬಿಡಲ್ಲ. ಬಳೆ ಬಿಚ್ಚೋಕೆ ಹಿಡ್ಕೊಂಡಿದ್ದಾಳೆ, ಕೈ ಸುಮ್ನಿರ್ಲಿಲ್ಲ."

"ಜೋಳ ಜೊತೇಲೇ ತಂದಿದ್ಲಾ?"

"ತನ್ನ ಕೋಳಿಗೆ ತುರುಕಿ ಮುಗಿಸ್ಕೊಂಡು, ಉಳಿದಿದ್ದು ಮಡಿಲಲ್ಲೇ ಇಟ್ಕೊಂಡು ಬಂದಿದ್ದಾಳೆ. ನೆನೆಸಿದ ಜೋಳ ಹಾಕೋದು ಕೊಬ್ಬಿಸೋಕೆ. ಕೊಬ್ಬಿಸೋದು ಮದುವೆ ಸಂಜೆ ಬೀಗರ ಮನೆಗೆ ತಟ್ಟೇಲಿ ಕಳಿಸೋ ಮದುಮಗಳ ಊಟಕ್ಕೆ."

"ಈ ಓಣೀಲಿ ಮದುವೆ ಯಾರ ಮನೇದು?"

ದವ್ಲತ್ ಸೆರಗಿನ ತುದಿ ತಿರುವಿದರು. ಆಮೇಲೆ ಪೂರ್ವದ ಗೋಡೆಯತ್ತ ಗದ್ದ ಚಾಚಿದರು. "ಇನ್ಶಿರಾಹ್. ಚಿಕ್ಕ ಮಗಳದ್ದು, ನಾಳೆ ಸಂಜೆ."

11.15ಕ್ಕೆ ಇನ್ಶಿರಾಹ್‌ಳ ಮಾಳಿಗೆ.

"ಎಷ್ಟು ಕೋಳಿ?"

"ಹತ್ತು."

"ಎಣಿಸಲಾ?"

"ಅಯ್ಯೋ ಬೇಡಿ ಸಾಹೇಬ್ರೇ, ಎಣಿಸಿದ್ರೆ ದೃಷ್ಟಿಯಾಗುತ್ತೆ!"

ಬಯ್ಯೂಮಿ ಎಣಿಸಿದ. ಹದಿನೆಂಟು. ಎಲ್ಲದರ ಕಾಲಲ್ಲೂ ಹಸಿರು ಬಳೆ. ಅವಳ ಪರವಾನಗಿಯಲ್ಲಿದ್ದದ್ದು 211ರಿಂದ 220. ಕೈಗೆ ಸಿಕ್ಕ ಮೊದಲ ಕೋಳಿಯ ಬಳೆ 347.

"ಅದು ನನ್ನ ಬಿಳಿ ಹೇಂಟೇದು," ಎಂದರು ಗೋಡೆಯಾಚೆಯಿಂದ ದವ್ಲತ್.

ಇನ್ಶಿರಾಹ್ ಬುಟ್ಟಿಯ ಮೇಲೆ ಕುಸಿದು ಕೂತಳು. "ಇವತ್ತು ನಸುಕಲ್ಲಿ ತಗೊಂಡೆ. ನಾಳೆ ವಾಪಸ್ ಹಾಕ್ತಿದ್ದೆ. ತಪಾಸಣೆಯವರು ಎಣಿಸಲ್ಲ, ಕಾಲಲ್ಲಿ ಬಳೆ ಇದೆಯಾ ಅಂತಷ್ಟೇ ನೋಡ್ತಾರೆ, ಅದೂ ಮೊದಲು ನಮ್ಮನೇಲಿ. ನಮ್ಮ ನಾಲ್ಕು ಮಹಡಿ ಇಳಿದು ಖಾಲಾದು ನಾಲ್ಕು ಹತ್ತೋ ಹೊತ್ತಿಗೆ ಎಂಟು ಬಳೆ ಹಾಕೋಕಾಗಲ್ವಾ?"

"ಕೆಳಗೆ ಟೀ ಕೊಟ್ಟು ಕೂರಿಸಿದ್ರೆ ಆಗ್ತಿತ್ತು," ಎಂದ ಬಯ್ಯೂಮಿ. ವಜ್ದಿ ಅವನನ್ನು ದುರುಗುಟ್ಟಿ ನೋಡಿ ಇನ್ಶಿರಾಹ್‌ಳತ್ತ ತಿರುಗಿದರು.

"ಹತ್ತು ಕೋಳಿ ಸಾಲ್ತಿರಲಿಲ್ವಾ?"

"ದೊಡ್ಡವಳು ನಜ್ಲಾನ ಮದುವೆ ವರ್ಷ ಕೋಳಿಜ್ವರ. ಮಾಳಿಗೆ ಪೂರ್ತಿ ಖಾಲಿ ಮಾಡಿಸಿದ್ರು. ಅಂಗಡೀದು ತಂದು ಬೇಯಿಸಿ ಕಳಿಸ್ದೆ. ಏಳು ವರ್ಷ ಆಯ್ತು, ಅವಳ ಅತ್ತೆ ಇನ್ನೂ 'ಅಂಗಡಿ ಕೋಳಿ ಸೊಸೆ' ಅಂತಾನೇ ಕರೀತಾಳೆ. ಚಿಕ್ಕವಳ ತಟ್ಟೆ ನೋಡಿ ಯಾರೂ ಬಾಯಿ ಬಿಡಬಾರದು."

"ನನ್ನ ಕೇಳ್ಬಹುದಿತ್ತಲ್ಲೇ?" ಎಂದರು ದವ್ಲತ್.

"ಕೇಳಿದ್ರೆ ಓಣಿಗೆಲ್ಲ ಗೊತ್ತಾಗ್ತಿತ್ತು."

"ಈಗ ಗೊತ್ತಾಗಿಲ್ವಾ?"

11.50ಕ್ಕೆ ಬಂಧನ. ಎಂಟು ಬಳೆಗಳನ್ನು ಜಪ್ತಿ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಅಲ್ಲೇ ದವ್ಲತ್ ಕೈಗೆ ಕೊಟ್ಟರು. ಠಾಣೆಯ ಬೆಂಚಿನ ಮೇಲೆ ಇಬ್ಬರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಈಗ ಬಳೆಯಿಲ್ಲದೆ ಉಳಿದದ್ದು ಇನ್ಶಿರಾಹ್‌ಳ ಎಂಟು ಕೋಳಿ.

ವಜ್ದಿ ನಿಯಮದ ಹಾಳೆಯನ್ನು ಎರಡು ಸಲ ಓದಿದರು. "ಇಲ್ಲಿ 'ಜೀವಂತ ಕೋಳಿ' ಅಂತಿದೆ," ಎಂದರು, ಯಾರಿಗೂ ಹೇಳದವರಂತೆ.

ದವ್ಲತ್ ತಲೆಯೆತ್ತಿದರು. "ಹಾಗಾದ್ರೆ ನಾಳೆ ಹತ್ತು ಗಂಟೆಯೊಳಗೆ ಕೊಯ್ದು ಬಿಟ್ರೆ?"

"ಈ ಸೆಖೇಲಿ ಸಂಜೆಗೆ ಹಳಸುತ್ತೆ ಖಾಲಾ. ನನ್ನ ಫ್ರಿಜ್ ಚಿಕ್ಕದು."

"ಓಣೀಲಿ ಹನ್ನೊಂದು ಫ್ರಿಜ್ ಇದೆ ಕಣೇ ಪೆದ್ದಿ. ಸಾಹೇಬ್ರೇ, ರಾಜಿ ಕಾಗದ ಕೊಡಿ. ನನ್ನ ಕೋಳಿಗೆ ತಿನ್ನಿಸಿ ಕಳಿಸಿದವಳನ್ನ ಹೇಗೆ ಒಳಗೆ ಹಾಕಿಸ್ಲಿ?"

1.20ಕ್ಕೆ ರಾಜಿ ಪತ್ರಕ್ಕೆ ಸಹಿಯಾಗಿ ಬಿಡುಗಡೆಯಾಯಿತು. ಗುರುವಾರ ತಪಾಸಣೆಯವರು ಎರಡು ಮಾಳಿಗೆಗಳಲ್ಲೂ ಹತ್ತು ಹತ್ತು ಕೋಳಿ ಬರೆದುಕೊಂಡು ಹೋದರು. ಇನ್ಶಿರಾಹ್‌ಳ ಮಾಳಿಗೆಯಲ್ಲಿ ಗರಿಗಳು ಹಾರುತ್ತಿದ್ದುದರ ಬಗ್ಗೆ ಯಾರೂ ಕೇಳಲಿಲ್ಲ. ಅವರು ಹೋದ ಮೇಲೆ ಅವಳ ಉಳಿದ ಹತ್ತನ್ನೂ ಕೊಯ್ದದ್ದಾಯಿತು; ಸಂಜೆ ಹದಿನೆಂಟು ಕೋಳಿಯ ತಟ್ಟೆಗಳು ಬೀಗರ ಮನೆಗೆ ಹೊರಟವು. ಮೊದಲ ತಟ್ಟೆಯನ್ನು ತಲೆಯ ಮೇಲೆ ಹೊತ್ತು, ಬೇಕೆಂದೇ ತನ್ನ ಅತ್ತೆಯ ಬಾಗಿಲ ಮುಂದಿನ ದಾರಿ ಹಿಡಿದವಳು ನಜ್ಲಾ.

ಕಡತ ಮುಚ್ಚುವ ಮೊದಲು ವಜ್ದಿ ಕೃತ್ಯದ ಉದ್ದೇಶದ ಅಂಕಣದಲ್ಲಿ 'ಲಾಭ' ಎಂದು ಬರೆದರು. ಅದನ್ನು ಹೊಡೆದು ಹಾಕಿ, 'ಹಿರಿಮಗಳು' ಎಂದು ಬರೆದರು.