ಎಡಗಡೆ ನಿಂತು ಹೇಳಿದ ಮಾತು

"ಏಯ್! ಯಾರ್ರೀ ನೀವು? ನನ್ನ ಟೆಂಟ್ ಯಾಕೆ ಕೀಳ್ತಿದೀರಾ?"

ನೀರಿನ ಕ್ಯಾನನ್ನು ಅಲ್ಲೇ ಕುಕ್ಕಿ ಅವಳು ಓಡಿಬಂದಳು. ಅರ್ಧ ಗಂಟೆ ಬೆವರು ಸುರಿಸಿ ನಿಲ್ಲಿಸಿದ್ದ ಹಳದಿ ಟೆಂಟು ಆಗಲೇ ಒಂದು ಕಡೆಗೆ ವಾಲಿತ್ತು. ಅದರ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದ ಎತ್ತರದ ಗಂಡಸೊಬ್ಬ ಮೂರನೆಯ ಗೂಟ ಕೀಳುತ್ತಿದ್ದ.

"ಮೂರು ಸಲ ಕೂಗಿದೆ," ಎಂದ ಅವನು, ತಲೆ ಎತ್ತದೆ. "ನೀವು ತಿರುಗಿಯೂ ನೋಡ್ಲಿಲ್ಲ."

ಎಡಗಡೆಯಿಂದ ಕೂಗಿರಬೇಕು!

ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎಡಗಿವಿಯನ್ನು ಕಿತ್ತುಕೊಂಡು ಹೋಗಿತ್ತು. ಅದನ್ನು ಈ ಗುರುತಿಲ್ಲದ ಮನುಷ್ಯನ ಮುಂದೆ ಹೇಳುವುದುಂಟೇ?

"ಪರಿಚಯ ಇಲ್ಲದವರು ಕೂಗಿದ್ರೆ ನಾನು ತಿರುಗಲ್ಲ!" ಎಂದಳು ಗತ್ತಿನಿಂದ.

"ಸರಿ. ಇರುವೆಗಳಿಗೂ ನಿಮ್ಮ ಪರಿಚಯ ಇಲ್ಲ. ಅವುಗಳ ಗೂಡಿನ ಮೇಲೇ ನಿಂತಿದೀರ."

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಅದೂ ಪಾದದಿಂದ ಮೇಲಕ್ಕೆ!

"ಅಯ್ಯಯ್ಯೋ... ಅಮ್ಮಾ!"

ಅವಳು ಕುಣಿದ ಕುಣಿತಕ್ಕೆ ಒಂದು ಚಪ್ಪಲಿ ಹಾರಿ ಹೊಳೆಯ ಅಂಚಿಗೆ ಬಿತ್ತು. ಅವನು ನಗಲಿಲ್ಲ. ಎದ್ದು ಹೋಗಿ ಚಪ್ಪಲಿ ತಂದು ಅವಳ ಮುಂದಿಟ್ಟ. ಮತ್ತೆ ಹೋಗಿ ಟೆಂಟನ್ನು ಹದಿನೈದು ಹೆಜ್ಜೆ ಆಚೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದ.

ಒಲೆ ಹಚ್ಚುತ್ತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ದನಕರುಗಳ ಡಾಕ್ಟರು. ಕೆಲವೇ ದಿನಗಳ ಹಿಂದೆ, ಹರಿದ ಟೆಂಟೊಂದನ್ನು ಹೊಲಿಸಲು ಇವಳ ಟೈಲರ್ ಅಂಗಡಿಗೆ ಬಂದಿದ್ದಳು. ಹೊಲಿಗೆ ನೋಡಿ ಬೆರಗಾಗಿ, "ಇಷ್ಟು ಚೆನ್ನಾಗಿ ಹೊಲಿದವಳು ಇದರೊಳಗೆ ಒಂದಿನನಾದ್ರೂ ಮಲಗಬೇಡ್ವಾ? ಶನಿವಾರ ನಮ್ ಜೊತೆ ಬಾ!" ಎಂದಿದ್ದಳು. ಬೇಕರಿ ಇಟ್ಟುಕೊಂಡಿದ್ದ ಅವಳ ಗಂಡ ಮೊದಲ ದಿನವೇ ಇವಳಿಗೆ 'ಸೂಜಿ' ಎಂದು ಹೆಸರಿಟ್ಟ. ಮೈಯೂ ಸಣ್ಣ, ಮಾತೂ ಚುಚ್ಚುತ್ತದೆಯಂತೆ! ಇವಳು ಅವನನ್ನು ಭಾವ ಎಂದಳು. ಆ ಎತ್ತರದ ಮನುಷ್ಯ ಭಾವನ ಬಾಲ್ಯದ ಗೆಳೆಯ, ಭೂಮಿ ಅಳೆಯುವ ಸರ್ವೇಯರ್.

"ಅವನು ಮಾತಾಡೋದೇ ಅಪರೂಪ," ಎಂದ ಭಾವ. "ಇವತ್ತು ನಿನ್ ಜೊತೆ ಆಡಿದ್ದು ಒಂದು ವಾರದ ರೇಷನ್ನು!"

ಹೀಗೆ ನಾಲ್ಕು ಜನರ ಗುಂಪಾಯಿತು.

ಎರಡು ವಾರಕ್ಕೊಮ್ಮೆ ಶನಿವಾರ ಬಂತೆಂದರೆ ಅವಳು ಮಧ್ಯಾಹ್ನವೇ ಅಂಗಡಿಯ ಶಟರ್ ಎಳೆಯುತ್ತಿದ್ದಳು. ವಾರವಿಡೀ ಪ್ಯಾಂಟಿನ ಉದ್ದ ಕಡಿಮೆ ಮಾಡಿ, ಜಿಪ್ಪು ಬದಲಾಯಿಸಿ ಬಾಗಿದ ಬೆನ್ನು ಹುಲ್ಲಿನ ಮೇಲೆ ಚಾಚಿದರೆ... ಆಹಾ! ಭಾವ ತಂದ ಬನ್ನು, ಅಕ್ಕ ಹೇಳುವ ಹಟಮಾರಿ ಎಮ್ಮೆಗಳ ಕಥೆ, ಮೋಡ, ಹೊಳೆ. ಇಷ್ಟೊಂದು ಆಕಾಶವನ್ನು ಅವಳು ಒಟ್ಟಿಗೆ ಎಂದೂ ನೋಡಿರಲಿಲ್ಲ.

ಮತ್ತೆ ಅವನು.

ನೆಲ ಯಾವ ಕಡೆಗೆ ಇಳಿಯುತ್ತದೆ, ಮಳೆ ಬಂದರೆ ನೀರು ಎಲ್ಲಿ ಹರಿಯುತ್ತದೆ ಎಂದು ಅವನು ಬೆರಳು ತೋರಿಸಿ ಹೇಳಿಕೊಡುತ್ತಿದ್ದ. ಕಿತ್ತುಹೋಗಿದ್ದ ಅವನ ಬ್ಯಾಗಿನ ಪಟ್ಟಿಯನ್ನು ಅವಳು ಕಲ್ಲಿನ ಮೇಲೆ ಕುಳಿತೇ ಹೊಲಿದುಕೊಟ್ಟಳು. ಅವನು ಅದನ್ನು ಎರಡು ಸಲ ಎಳೆದು ನೋಡಿ, "ಇದು ಬ್ಯಾಗಿಗಿಂತ ಜಾಸ್ತಿ ವರ್ಷ ಬಾಳುತ್ತೆ," ಎಂದ. ಆ ಒಂದು ಮಾತನ್ನು ಅವಳು ಹೊಲಿಗೆ ಮಿಷಿನ್ನಿನ ಮುಂದೆ ಕುಳಿತು ಎಷ್ಟು ಸಲ ನೆನೆದಳೋ!

ಆದರೆ ಕಿವಿಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಆರು ವರ್ಷದ ಹಿಂದೆ ಅವಳ ಮದುವೆ ನಿಶ್ಚಯವಾಗಿತ್ತು. 'ಕಿವಿ ಸುದ್ದಿ ಎತ್ತಬೇಡ' ಎಂದು ಚಿಕ್ಕಮ್ಮ ಗದರಿಸಿದ್ದಳು. ಸುದ್ದಿ ಹೇಗೋ ಹೊರಬಿದ್ದಾಗ, ಗಂಡಿನ ಕಡೆಯವರ 'ಮೊದಲೇ ಹೇಳಬೇಕಿತ್ತು' ಎಂಬ ಒಂದೇ ಮಾತಿನಲ್ಲಿ ಎಲ್ಲ ಮುರಿದುಬಿತ್ತು. ಅಂದಿನಿಂದ ಅವಳು ಎಲ್ಲಿ ಹೋದರೂ ಎಲ್ಲರೂ ತನ್ನ ಬಲಕ್ಕೆ ಬರುವಂತೆ ಜಾಗ ಹಿಡಿಯುವುದನ್ನು ಕಲಿತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾಲ್ಕನೇ ಸಲ ಅವರು ಜಲಪಾತ ನೋಡಲು ಹೊರಟರು. ಕಾಲುದಾರಿ ಕಿರಿದು. ಎಡಕ್ಕೆ ಇಳಿಜಾರು, ಕೆಳಗೆ ಭೋರ್ಗರೆಯುವ ನೀರು. ಅಕ್ಕ, ಭಾವ ಮುಂದೆ ಹೋಗಿದ್ದರು. ಸರ್ವೇಯರ್ ಬೇಕೆಂದೇ ಇಳಿಜಾರಿನ ಅಂಚಿಗೆ ಬಂದು ಅವಳ ಎಡಗಡೆ ನಡೆಯತೊಡಗಿದ. ಅವಳು ಜಾರಿದರೆ ಹಿಡಿಯಲು!

ಅಲ್ಲೇ, ಆ ದಾರಿಯಲ್ಲೇ, ನಾಲ್ಕು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ಮಾತನ್ನು ಅವನು ಹೇಳಿಬಿಟ್ಟ. ತನ್ನನ್ನು ಮದುವೆಯಾಗುವಿರಾ ಎಂದು ಕೇಳಿಬಿಟ್ಟ!

ಅವಳ ಕಣ್ಣು ಕಾಲ ಕೆಳಗಿನ ಪಾಚಿಗಲ್ಲುಗಳ ಮೇಲಿತ್ತು. ಅವನ ಮಾತು ಎಡಗಿವಿಯ ತನಕ ಬಂದು ಅಲ್ಲೇ ನಿಂತುಹೋಯಿತು.

"ತುಂಬಾ ಹಸಿವಾಗ್ತಿದೆ ಅಲ್ವಾ?" ಎಂದಳು ಅವಳು ನಗುತ್ತ. "ಬೇಗ ಬೇಗ ಹೋಗೋಣ."

ಅವನ ಮುಖ ಕಪ್ಪಿಟ್ಟಿತು. "ಸರಿ... ಹೋಗೋಣ," ಎಂದ.

ಅಷ್ಟೇ. ಅಂದು ಊಟದ ಹೊತ್ತಿಗೆ ಅವನು ದೂರದ ಬಂಡೆಯ ಮೇಲೆ ಒಬ್ಬನೇ ಕುಳಿತ. ಮರಳುವಾಗ ಹಿಂದೆ ಉಳಿದ. ಎರಡು ವಾರ ಒಂದು ಫೋನಿಲ್ಲ, ಮೆಸೇಜಿಲ್ಲ.

'ನನ್ನಿಂದ ಏನು ತಪ್ಪಾಯ್ತು? ಕಿವಿ ವಿಷಯ ಇವರಿಗೂ ಗೊತ್ತಾಗಿಬಿಡ್ತಾ?' ಅವಳು ಕಾಜಾ ಹೊಲಿಯಬೇಕಾದ ಕಡೆ ಗುಂಡಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಮುಂದಿನ ಕ್ಯಾಂಪಿಗೆ, ಕೆರೆಯ ದಂಡೆಗೆ, ಅವನು ಬರಲಿಲ್ಲ. ಭಾನುವಾರ ಬೆಳಿಗ್ಗೆ ಬ್ರೆಡ್ಡು ಸುಡುತ್ತಿದ್ದ ಭಾವನಿಗೆ ತಡೆಯಲಾಗಲಿಲ್ಲ.

"ಅಲ್ಲಮ್ಮಾ ಸೂಜಿ, ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಬಹುದಿತ್ತು. ಜೀವಮಾನದಲ್ಲಿ ಒಂದ್ಸಲ ಬಾಯಿ ಬಿಟ್ಟು ಮದುವೆ ಆಗ್ತೀರಾ ಅಂತ ಕೇಳಿದವನಿಗೆ, ಹಸಿವಾಗ್ತಿದೆ ಅನ್ನೋದಾ?"

ಅವಳ ಕೈಯಲ್ಲಿದ್ದ ಲೋಟ ಓರೆಯಾಗಿ ಟೀ ಚೆಲ್ಲಿತು.

"ಏನಂದ್ರಿ ಭಾವ? ಯಾವಾಗ... ಯಾರು ಕೇಳಿದ್ದು?"

"ಜಲಪಾತದ ದಾರೀಲಿ. ನಿನ್ನ ಪಕ್ಕದಲ್ಲೇ ನಡೀತಾ!"

'ಎಡಗಡೆ! ಅವತ್ತು ಅವರು ನನ್ನ ಎಡಗಡೆ ಇದ್ರು!'

ಅವಳು ಅಳಬೇಕೋ ನಗಬೇಕೋ ತಿಳಿಯದೆ ಮುಖ ಮುಚ್ಚಿಕೊಂಡಳು. ಅಕ್ಕ ಹೆದರಿ ಹತ್ತಿರ ಬಂದಾಗ ವಿಷಯವನ್ನೆಲ್ಲ ಬಿಕ್ಕುತ್ತ ಹೇಳಿದಳು. ಆರು ವರ್ಷದಲ್ಲಿ ಮೊದಲ ಸಲ.

"ಅಯ್ಯೋ ಹುಚ್ಚಿ!" ಅಕ್ಕ ಅವಳನ್ನು ಅಪ್ಪಿಕೊಂಡಳು. "ಇರು, ಈಗಲೇ ಅವನಿಗೆ ಫೋನ್ ಮಾಡಿ ಹೇಳ್ತೀನಿ."

"ಬೇಡ ಅಕ್ಕ." ಅವಳು ಕಣ್ಣೊರೆಸಿಕೊಂಡಳು. "ಹಿಂದೆ ಒಂದ್ಸಲ ಬೇರೆಯವರ ಬಾಯಿಂದ ಹೋಗಿ ಎಲ್ಲ ಹಾಳಾಯ್ತು. ಇದನ್ನ ನಾನೇ ಹೇಳ್ಬೇಕು."

ಭಾವ ಕೆಮ್ಮಿದ. "ಹಾಗಿದ್ರೆ ಬಹಳ ದೂರ ಹೋಗ್ಬೇಕಿಲ್ಲ. ಕೆರೆ ಆಚೆ ದಡದಲ್ಲಿ ಕಾಣ್ತಿದೆಯಲ್ಲ ಹಸಿರು ಟೆಂಟು? ಬರಲ್ಲ ಬರಲ್ಲ ಅಂದ್ಕೊಂಡೇ ಬಂದು ಅಲ್ಲಿ ಕೂತಿದಾನೆ."

ಕೆರೆ ಏರಿಯ ಮೇಲೆ ಅವಳು ಒಬ್ಬಳೇ ನಡೆದಳು. ಕಾಲು ಮುಂದೆ, ಮನಸ್ಸು ಹಿಂದೆ. ಮುಕ್ಕಾಲು ದಾರಿಯಲ್ಲಿ ನಿಂತೇಬಿಟ್ಟಳು. 'ಇವರೂ ಅದೇ ಮಾತು ಹೇಳಿದ್ರೆ?' ಆಮೇಲೆ ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಹೊರಟಳು.

ಅವಳನ್ನು ಕಂಡದ್ದೇ ಅವನು ಗಡಬಡಿಸಿ ಎದ್ದ. "ನೀವು... ಇಲ್ಲಿ?"

"ಕೂತ್ಕೊಳ್ಳಿ. ನಾನು ಹೇಳಿ ಮುಗಿಸೋವರೆಗೂ ಮಾತಾಡ್ಬೇಡಿ." ತಡೆದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು. "ನನಗೆ ಎಡಗಿವಿ ಕೇಳಿಸಲ್ಲ. ಒಂಚೂರೂ ಕೇಳಿಸಲ್ಲ. ಅವತ್ತು ನೀವೇನು ಹೇಳಿದ್ರೋ ನನಗೆ ಗೊತ್ತಾಗ್ಲೇ ಇಲ್ಲ. ಇವತ್ತು ಭಾವ ಹೇಳಿದ ಮೇಲೇ ಗೊತ್ತಾಗಿದ್ದು."

ಅವನು ದಿಗ್ಭ್ರಮೆಯಿಂದ ಅವಳನ್ನೇ ನೋಡಿದ.

"ಮೊದಲೇ ಹೇಳ್ಬೇಕಿತ್ತು ನೀವು."

ಅದೇ ಮಾತು! ಅವಳು ತಿರುಗಿ ಹೆಜ್ಜೆ ಇಟ್ಟೇಬಿಟ್ಟಳು...

"ಹೇಳಿದ್ರೆ ಈ ಕಡೆ ಬಂದು ಹೇಳ್ತಿದ್ನಲ್ಲ!" ಅವನು ಓಡಿಬಂದು ಅವಳ ಬಲಗಡೆ ನಿಂತ. ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಎರಡು ವಾರ, ಸೂಜಿ! ಒಂದು ಸೈಟಿನ ಅಳತೆ ಮೂರು ಸಲ ತಪ್ಪಿದೀನಿ. ಅಂದ್ರೆ ನೀವು ಬೇಡ ಅಂದೇ ಇಲ್ಲ?"

"ಕೇಳಿಸಿದ್ರೆ ತಾನೇ ಬೇಡ ಅನ್ನೋದು?"

"ಕಿವಿ ವಿಷಯ ಗೊತ್ತಾದ್ರೆ ನಾನು ದೂರ ಹೋಗ್ತೀನಿ ಅಂದ್ಕೊಂಡ್ರಾ?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣೀರು ಕೆನ್ನೆಗಿಳಿಯಿತು. ಅವನು ಒರೆಸಲು ಕೈ ಎತ್ತಿದ. ಧೈರ್ಯ ಸಾಲದೆ ಅರ್ಧಕ್ಕೇ ನಿಲ್ಲಿಸಿದ. ಅವಳೇ ಆ ಕೈಯನ್ನು ಹಿಡಿದುಕೊಂಡಳು.

"ಅವತ್ತು ಏನಂದ್ರಿ? ಹಾಗೇ ಹೇಳಿ. ಒಂದಕ್ಷರ ಬಿಡಬಾರದು."

ಅವನು ಗಂಟಲು ಸರಿಮಾಡಿಕೊಂಡ. "ನಿಮ್ಮ ಜೊತೆ ನಡೆಯುವಾಗ ದಾರಿ ಎಷ್ಟು ಉದ್ದ ಅಂತ ನಾನು ಅಳೆಯೋದೇ ಇಲ್ಲ. ಜೀವನಪೂರ್ತಿ ಹಾಗೇ ನಡೀಬೇಕು ಅನ್ಸುತ್ತೆ. ನನ್ನ ಮದುವೆ ಆಗ್ತೀರಾ?"

"ಇನ್ನೊಂದ್ಸಲ ಹೇಳಿ."

"ಯಾಕೆ... ಕೇಳಿಸ್ಲಿಲ್ವಾ?"

"ಕೇಳಿಸ್ತು." ಅವಳು ಅವನ ಭುಜಕ್ಕೆ ಹಣೆಯಿಟ್ಟು ನಕ್ಕಳು. "ಆದ್ರೆ ಈ ಸಲ 'ನೀವು' ಬೇಡ. 'ನೀನು' ಅಂತ ಕೇಳಿ, ಹೂಂ ಅಂತೀನಿ."

ಅವನು ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದ. ಕಿವಿಯ ತುದಿಯವರೆಗೂ ಕೆಂಪಾದ.

"ನೀನು... ನನ್ನವಳಾಗ್ತೀಯಾ?"

"ಹೂಂ ಕಣೋ."