ಬಲಗಡೆ ಒತ್ತಿದ ಬೆರಳು

"ನನ್ನ ಮೂಗುಬೊಟ್ಟು ಬಿಚ್ಚಿಸಿ, ನೀನು ಉಂಗುರ ಹಾಕ್ಕೊಂಡು ಬಂದು ಎದೆ ಒತ್ತುತೀಯಾ?" ಎಂದು ಸ್ಕ್ಯಾನ್ ಮಾಡುವ ಹುಡುಗಿಯ ಮೇಲೆ ಹರಿಹಾಯ್ದೆ.

ಎಡ ಎದೆಯ ಕ್ಯಾನ್ಸರ್ ಗಂಟನ್ನು ಎಷ್ಟು ಕೊಯ್ಯಬೇಕೆಂದು ನೋಡಲು ಎಂಆರ್‌ಐ ಯಂತ್ರದೊಳಗೆ ಬೋರಲು ಮಲಗಿಸಿದ್ದರು. ಯಂತ್ರ ದಡದಡ ಬಡಿದುಕೊಳ್ಳುತ್ತಿದ್ದಷ್ಟು ಹೊತ್ತೂ ತಣ್ಣನೆಯ ಬೆರಳೊಂದು ಬಲ ಎದೆಯ ಒಂದೇ ಜಾಗವನ್ನು ಒತ್ತುತ್ತಿತ್ತು. ಉಂಗುರವೂ ತಾಗಿತ್ತು.

"ಯಂತ್ರ ಓಡುವಾಗ ಒಳಗೆ ಯಾರೂ ಬರಲ್ಲಮ್ಮಾ," ಎಂದು ಅವಳು ಬರಿ ಬೆರಳುಗಳನ್ನು ಚಾಚಿದಳು.

"ಹಾಗಾದ್ರೆ ನಿಮ್ಮಜ್ಜಿ ಬಂದು ಒತ್ತಿದ್ಳಾ?"

ಅಷ್ಟರಲ್ಲಿ ಚಿತ್ರ ನೋಡಿದ ಡಾಕ್ಟರು ಬಂದರು. "ಬಲಗಡೆಯೂ ಸಣ್ಣದೊಂದು ಕಾಣ್ತಿದೆ. ಅದನ್ನ ಪರೀಕ್ಷೆ ಮಾಡಿಯೇ ಆಪರೇಷನ್."

ಒತ್ತಿದ್ದಲ್ಲಿ ನಾನು ಬೆರಳಿಟ್ಟು ತೋರಿಸಿದೆ. ಡಾಕ್ಟರು ತಲೆಯಾಡಿಸಿದರು. ಅದೇ ಜಾಗ.

"ಉಂಗುರ ಹೆಬ್ಬೆರಳಲ್ಲಿತ್ತಾ?" ಹುಡುಗಿ ಮೆಲ್ಲಗೆ ಕೇಳಿದಳು.

ಹೌದೆಂದೆ. "ತೀರಿಕೊಂಡ ನಮ್ಮಜ್ಜಿ ಅಲ್ಲೇ ಹಾಕ್ಕೋತಿದ್ಳು," ಎಂದು ಅವಳು ತನ್ನ ಬಿಳಿ ಕೋಟು ಕಳಚಿ ಮೊಳೆಗೆ ನೇತುಹಾಕಿ ಹೊರಟುಹೋದಳು. ನನ್ನ ಆಪರೇಷನ್ನಿನ ದಿನವೂ ಆ ಕೋಟು ಅಲ್ಲೇ ನೇತಾಡುತ್ತಿತ್ತು.